ಮುಚ್ಚಿ ತಂದ ಕಾಫಿ

ನೇಪಲ್ಸಿನ ಮಾತೆರ್ದೇಯಿ ಬಡಾವಣೆಗೆ ಬಂದು ಓರ್ಸೋಲಾ ಯಾರು ಎಂದು ಕೇಳಿ ನೋಡಿ. ‘ಓ, ಆ ಮೂಗು ತೂರಿಸುವವಳಾ?’ ಎನ್ನುತ್ತಾರೆ. ಎನ್ನಲಿ. ನಾನು ಹಳೆಯ ಕಟ್ಟಡವೊಂದರ ಬಾಗಿಲು ಕಾಯುವವಳು. ಯಾರಿಗೆ ಪಾರ್ಸೆಲ್ ಬಂದರೂ ಅದು ಮೊದಲು ಬರುವುದು ಹೆಬ್ಬಾಗಿಲ ಪಕ್ಕದ ನನ್ನ ಗೂಡಿಗೆ. ಅದರೊಳಗೆ ಏನಿದೆ ಎಂದು ತಿಳಿಯದಿದ್ದರೆ ನನಗೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಕೆಲವರು ಇದನ್ನು ಚಾಳಿ ಅನ್ನುತ್ತಾರೆ, ನಾನು ಕೆಲಸ ಅನ್ನುತ್ತೇನೆ.

ಆ ಸಲ ಬಂದದ್ದು ಮರದ ಪೆಟ್ಟಿಗೆ. ಇಬ್ಬರು ಆಳುಗಳು ಹೊತ್ತು ತಂದರು. ಕಟ್ಟಡಕ್ಕೆ ಲಿಫ್ಟ್ ಇಲ್ಲದ್ದು ನನ್ನದೇ ತಪ್ಪು ಎಂಬಂತೆ ನನ್ನನ್ನು ಬೈದರು. ಪೆಟ್ಟಿಗೆ ನಾಲ್ಕನೇ ಮಹಡಿಯ ದೊನ್ ಸೊಸ್ಸಿಯೋ ಅವರದು. ಅವರು ಕೆಳಗೇ ಕಾಯುತ್ತ ನಿಂತಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು.

“ಏನ್ ದೊನ್ ಸೊಸ್ಸಿಯೋ, ವೆಸುವಿಯೋ ಬೆಟ್ಟಾನೇ ತುಂಬಿಸಿ ತರಿಸಿದ್ರಾ?”

“ಕಾಫಿ ಮೆಷಿನ್ನು.”

“ಯಾರಿಗೆ?”

“ಮನೆಗೆ, ದೊನ್ನಾ ಓರ್ಸೋಲಾ. ಮನೆಗೆ.”

ನಾನು ಶಿಲುಬೆಯ ಗುರುತು ಮಾಡಿಕೊಂಡೆ. ಯಾಕೆಂದರೆ ಈ ಮನುಷ್ಯ ನಮ್ಮ ಬೀದಿ ಮೂಲೆಯ ಕಾಫಿಯಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತೇ ತಲೆ ನೆರೆಸಿಕೊಂಡವರು. ಹಿಡಿಕೆ ಎಳೆದು ಬಿಡುವ ಹಳೇ ಕಾಲದ ಎಸ್ಪ್ರೆಸೊ ಯಂತ್ರ ಅವರ ಕೈಯಲ್ಲಿ ಸಾಧು ಎತ್ತಿನ ಹಾಗೆ ಇರುತ್ತಿತ್ತು. ಇಂಥವರು ಮನೆಯಲ್ಲಿ ಒಂದು ತೊಟ್ಟು ಕಾಫಿ ಕುಡಿದವರಲ್ಲ. ‘ಮನೇಲಿ ಒಲೆ ಮೇಲಿನ ಮೋಕಾ ಕೆಟಲಿಗೆ ಅದರದೇ ಮರ್ಯಾದೆ ಇದೆ, ಅಂಗಡಿ ಯಂತ್ರಕ್ಕೆ ಅದರದು, ಎರಡನ್ನೂ ಬೆರೆಸಬಾರದು’ ಎಂದು ಬೀದಿಗೆಲ್ಲ ಪಾಠ ಹೇಳಿದವರು. ಈಗ ಮುಪ್ಪಿನಲ್ಲಿ ಇದೇನು ಹುಚ್ಚು? ಕೇಳಿ ತಿಳಿಯದೆ ಬಿಡುವವಳು ನಾನಲ್ಲ.

ಸಂಗತಿ ಗೊತ್ತಾಗಲು ಅವರ ಹೆಂಡತಿ ದೊನ್ನಾ ರಾಕೇಲೆಯ ವಿಷಯ ಹೇಳಬೇಕು. ರಾಕೇಲೆ ಮನೆಯಲ್ಲೇ ಕೂತು ಚರ್ಮದ ಕೈಗವಸು ಹೊಲಿಯುತ್ತಿದ್ದವರು. ನಮ್ಮ ಕಡೆ ಬಹಳ ಹೆಂಗಸರ ಕಸುಬು ಅದು. ಗಂಡ ಬೆಳಕು ಹರಿಯುವ ಮುಂಚೆ ಅಂಗಡಿ ತೆರೆಯಲು ಹೋಗಬೇಕು, ಮನೆಗೆ ಬಂದರೆ ಕಾಲು ನೋವೆಂದು ಮಲಗಬೇಕು. ಹಾಗಾಗಿ ರಾಕೇಲೆ ದಿನಾ ಸಂಜೆ ಸೂಜಿ ಕೆಳಗಿಟ್ಟು, ತುಟಿಗೆ ಬಣ್ಣ ಹಚ್ಚಿ, ಅಂಗಡಿಗೆ ಬಂದು ಗಿರಾಕಿಯ ಹಾಗೆ ಕೌಂಟರಿಗೆ ಮೊಣಕೈ ಊರಿ ನಿಲ್ಲುತ್ತಿದ್ದರು. ಸಂಸಾರ ಅಂತ ಅವರಿಬ್ಬರೂ ಏನು ಮಾಡಿದರೋ ಅಲ್ಲೇ ಮಾಡಿದರು. ಬಾಡಿಗೆ ಮಾತು, ಅಕ್ಕನ ಮಗಳ ಮದುವೆ ಮಾತು, ಮುನಿಸು, ರಾಜಿ, ಎಲ್ಲ ಆ ಕೌಂಟರಿನ ಆಚೆ ಈಚೆ. ಮಕ್ಕಳಾಗಲಿಲ್ಲ ಎಂಬ ದುಃಖವನ್ನೂ ಅಲ್ಲೇ ಹಂಚಿಕೊಂಡರು, ನಾನು ಪಕ್ಕದಲ್ಲೇ ಇದ್ದೆ.

ಜೊತೆಗೆ ಇಡೀ ಬೀದಿಯಲ್ಲಿ ದೊನ್ ಸೊಸ್ಸಿಯೋ ಕಾಫಿಗೆ ಹೆಸರಿಡುತ್ತಿದ್ದುದು ರಾಕೇಲೆ ಒಬ್ಬರೇ. “ಇವತ್ತು ಇದಕ್ಕೆ ಜ್ವರ ಬಂದಿದೆ, ಜೀವ ಇಲ್ಲ” ಎನ್ನುವರು. “ಇದೇನು ಕಾಫಿನೋ, ಅಕ್ಟೋಪಸ್ ಬೇಯಿಸಿದ ನೀರೋ?” ಎನ್ನುವರು. ಅಂಗಡಿಯವರೆಲ್ಲ ನಗುತ್ತಿದ್ದರು. ಸೊಸ್ಸಿಯೋ ಮಾತ್ರ ನಗದೆ ಗ್ರೈಂಡರಿನ ಹತ್ತಿರ ಹೋಗಿ ಅದರ ಚಕ್ರ ಒಂದು ಕೂದಲಿನಷ್ಟು ತಿರುಗಿಸಿ, ಹೊಸದಾಗಿ ಪುಡಿ ಬೀಸಿ, ಇನ್ನೊಂದು ಮಾಡಿ ತರುವರು. ರಾಕೇಲೆಯ ನಾಲಿಗೆ ಅವರಿಗೆ ತಕ್ಕಡಿ.

ಆಮೇಲೆ ರಾಕೇಲೆಯ ಮೊಣಕಾಲು ಕೈಕೊಟ್ಟಿತು. ನಾಲ್ಕು ಮಹಡಿ ಇಳಿದು ಹತ್ತುವುದು ಆಗದ ಮಾತಾಯಿತು. ಅದೇ ವರ್ಷ ಅಂಗಡಿ ಯಜಮಾನನ ಮಗ ಹಿಡಿಕೆ ಯಂತ್ರ ಕಿತ್ತು ಹಾಕಿ ಗುಂಡಿ ಒತ್ತುವುದನ್ನು ತಂದ. ಸೊಸ್ಸಿಯೋ ಏಪ್ರನ್ ಬಿಚ್ಚಿ, ಮಡಿಸಿ, ಕೌಂಟರಿನ ಮೇಲಿಟ್ಟು ಮನೆಗೆ ಬಂದರು. ಇಬ್ಬರೂ ಈಗ ಹಗಲೆಲ್ಲ ಒಂದೇ ಮನೆಯಲ್ಲಿ. ಆದರೆ ನಾಲ್ಕನೇ ಮಹಡಿಯಿಂದ ಒಂದು ಸೊಲ್ಲು ಕೆಳಗೆ ಬರುತ್ತಿರಲಿಲ್ಲ. ನಮ್ಮ ಕಟ್ಟಡದಲ್ಲಿ ಸೊಲ್ಲು ಬರದ ಮನೆ ಎಂದರೆ ಬೀಗ ಹಾಕಿದ ಮನೆ ಮಾತ್ರ.

ಪೆಟ್ಟಿಗೆ ಬಂದ ಮೇಲೆ ಒಂದು ದಿನ ನಾನು ಮೆಟ್ಟಿಲು ಒರೆಸುತ್ತಿದ್ದಾಗ ಸೊಸ್ಸಿಯೋ ಪಕ್ಕದಲ್ಲಿ ಕೂತರು.

“ದೊನ್ನಾ ಓರ್ಸೋಲಾ, ಮನೇಲಿ ನಂಗೆ ಎಲ್ ನಿಂತ್ಕೋಬೇಕು ಅಂತಾನೇ ಗೊತ್ತಾಗಲ್ಲ. ಅವಳ ಎದುರು ಕೂತ್ರೆ ಮಾತು ಬರಲ್ಲ. ಏನ್ ಮಾತಾಡೋದು? ಕೈಯಲ್ಲಿ ಕೆಲ್ಸ ಇದ್ರೆ ತಾನೆ ಬಾಯಿ ಬರೋದು?”

ಆಗ ನನಗೆ ಪೆಟ್ಟಿಗೆಯ ಅರ್ಥ ಹೊಳೆಯಿತು. ಹೆಂಡತಿ ಕೌಂಟರಿಗೆ ಬರಲಾರಳು, ಅದಕ್ಕೇ ಕೌಂಟರನ್ನೇ ಹೆಂಡತಿಯ ಹತ್ತಿರ ತರಲು ಹೊರಟಿದ್ದರು.

ಯಂತ್ರ ಆರಿಸಿದ ಕಥೆಯನ್ನೂ ನಾನು ಬಿಡದೆ ಕೇಳಿ ತಿಳಿದುಕೊಂಡೆ. ಯಂತ್ರ ಮಾರುವ ಅಂಗಡಿಯವನು ಮೊದಲು ತೋರಿಸಿದ್ದು ಬೀಜ ಸುರಿದರೆ ತಾನೇ ಬೀಸಿ, ತಾನೇ ಒತ್ತಿ, ತಾನೇ ಕಾಫಿ ಇಳಿಸುವ ದೊಡ್ಡ ಡಬ್ಬಿ. “ನೀವು ಒಂದ್ ಗುಂಡಿ ಒತ್ತಿದ್ರೆ ಆಯ್ತು ಸ್ವಾಮಿ” ಎಂದನಂತೆ. “ಹಂಗಾದ್ರೆ ನಾನ್ಯಾಕೆ?” ಎಂದು ಕೇಳಿ ಸೊಸ್ಸಿಯೋ ಮುಂದೆ ನಡೆದರಂತೆ. ಯಂತ್ರ ನೋಡುವ ಮೊದಲು ಗ್ರೈಂಡರ್ ನೋಡಬೇಕು ಎಂಬುದು ಅವರ ಹಠ. ಬ್ಲೇಡು ತಿರುಗಿ ಬೀಜ ಕೊಚ್ಚುವಂಥದ್ದು ಬೇಡವೇ ಬೇಡ, ಅದರಲ್ಲಿ ಒಂದು ಕಾಳು ರವೆಯಾದರೆ ಇನ್ನೊಂದು ಧೂಳಾಗುತ್ತದೆ, ನೀರು ರವೆಯ ನಡುವೆ ನುಸುಳಿ ಓಡಿಹೋಗುತ್ತದೆ. ಬೀಸುವ ಕಲ್ಲಿನ ಹಾಗೆ ಎರಡು ಉಕ್ಕಿನ ಬಿಲ್ಲೆ ಎದುರುಬದುರು ಕೂತು ಬೀಸುವುದೇ ಬೇಕು. ಹಾಗೆ ಹುಡುಕಿ ಗ್ರೈಂಡರ್ ತಂದರು. ಅದು ಬೇರೆ ಪೆಟ್ಟಿಗೆಯಲ್ಲಿ ಬಂತು. ಕೊನೆಗೆ ಅದಕ್ಕೆ ಜೋಡಿಯಾಗಿ, ಮನೆಗೆ ಹೊಂದುವ ಅಳತೆಯ ಹಿಡಿಕೆ ಯಂತ್ರ.

ಮೊದಲ ವಾರ ಕಟ್ಟಡಕ್ಕೆ ಹಬ್ಬ. ಹೊಸ ಗ್ರೈಂಡರಿನ ಬಿಲ್ಲೆ ಹದಕ್ಕೆ ಬರಬೇಕಾದರೆ ಅದು ಬಹಳಷ್ಟು ಬೀಜ ತಿನ್ನಬೇಕಂತೆ. ಹೊಸ ಯಂತ್ರದ ಮೊದಮೊದಲ ಕಾಫಿಯನ್ನು ಚೆಲ್ಲುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಆದರೆ ಸೊಸ್ಸಿಯೋಗೆ ಚೆಲ್ಲಲು ಮನಸ್ಸಿಲ್ಲ. ಸಿಕ್ಕವರನ್ನೆಲ್ಲ ಕರೆದು ಕುಡಿಸಿದರು. ಮೂರನೇ ಮಹಡಿಯ ದೊನ್ನಾ ಬೆತ್ತಿನಾಗೆ ರಕ್ತದೊತ್ತಡ. ಆಕೆ ಒಂದೇ ಬೆಳಗ್ಗೆ ಮೂರು ಸಲ ಮೇಲೆ ಹೋಗಿ ಕುಡಿದು, ಮಧ್ಯಾಹ್ನ ಗೋಡೆ ಹಿಡಿದುಕೊಂಡು ಕೆಳಗಿಳಿದು, “ಓರ್ಸೋಲಾ, ನನ್ ಎದೆ ಒಳಗೆ ಯಾರೋ ಬಾಗ್ಲು ಬಡೀತಿದಾರೆ” ಎಂದಳು.

“ಹಾಗಾದ್ರೆ ಯಾಕೆ ಕುಡಿದ್ರಿ?”

“ಬಿಟ್ಟಿ ಕೊಟ್ರೆ ಬೇಡ ಅನ್ನೋಕೆ ನಾನೇನು ಹುಚ್ಚಿನಾ?”

ನಾನೂ ಕುಡಿದೆ. ನಿಜ ಹೇಳಬೇಕೆಂದರೆ ಕಾಫಿ ಚೆನ್ನಾಗಿರಲಿಲ್ಲ. ಒಂದು ದಿನ ಹುಳಿ, ಒಂದು ದಿನ ಕರಕು. ಅಂಗಡಿಯ ಯಂತ್ರ ಹಗಲೆಲ್ಲ ಕಾದೇ ಇರುತ್ತಿತ್ತು, ಬೀಜ ನಿಲ್ಲದೆ ಸುರಿಯುತ್ತಿತ್ತು. ಇಲ್ಲಿ ದಿನಕ್ಕೆ ನಾಲ್ಕು ಕಾಫಿ ಮಾಡಿದರೆ ಹೆಚ್ಚು. ಸೊಸ್ಸಿಯೋ ಅಂಗಡಿಯ ಲೆಕ್ಕದಲ್ಲೇ ಬೀಸುತ್ತಿದ್ದರು, ಅಂಗಡಿಯ ಭಾರದಲ್ಲೇ ಒತ್ತುತ್ತಿದ್ದರು. ತೆಂಕಣದ ಒದ್ದೆ ಗಾಳಿ ಬೀಸಿದ ದಿನವಂತೂ ಪುಡಿ ನೀರು ಹೀರಿ ಮುದ್ದೆಯಾಗಿ, ಹಿಡಿಕೆ ಬಿಟ್ಟರೆ ತೊಟ್ಟು ತೊಟ್ಟಾಗಿ ಕಪ್ಪನೆಯ ರಸ ಅಳುತ್ತಿತ್ತು. ಸರಿಪಡಿಸಲು ಅವರಿಗೆ ಕೈ ಇತ್ತು, ಕಣ್ಣಿತ್ತು. ಬೇಕಾಗಿದ್ದದ್ದು ರಾಕೇಲೆಯ ನಾಲಿಗೆ.

ಆದರೆ ಗಂಡನನ್ನು ‘ಸೊ’ ಎಂದು ಕರೆಯುವ ರಾಕೇಲೆ ಹೇಳಿದ್ದು ಒಂದೇ ಮಾತು. “ಚೆನ್ನಾಗಿದೆ, ಸೊ.”

ಹುಳಿಯಿದ್ದರೂ ಚೆನ್ನಾಗಿದೆ, ಕರಕಾಗಿದ್ದರೂ ಚೆನ್ನಾಗಿದೆ. ಸೊಸ್ಸಿಯೋ ದಿನದಿನಕ್ಕೆ ಸೊರಗಿದರು. ಒಂದು ಸಂಜೆ ನನ್ನ ಗೂಡಿಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತರು.

“ಇವತ್ತು ನಾನೊಂದು ಪಾಪ ಮಾಡ್ದೆ. ಅವಳ ಕಾಫಿಗೆ ಸಕ್ಕರೆ ಬದ್ಲು ಉಪ್ಪು ಹಾಕ್ದೆ.”

“ಅಯ್ಯೋ ಪಾಪಿ! ಏನಂದ್ರು?”

“ಪೂರ್ತಿ ಕುಡುದ್ಲು. ಬಾಯಿ ಒರೆಸ್ಕೊಂಡ್ಲು. ‘ಚೆನ್ನಾಗಿದೆ, ಸೊ’ ಅಂದ್ಲು.” ಅವರು ಅಂಗೈಯಿಂದ ಮಂಡಿ ಬಡಿದುಕೊಂಡರು. “ನನ್ ಮೇಲೆ ಕರುಣೆ ತೋರಿಸ್ತಿದಾಳೆ ದೊನ್ನಾ ಓರ್ಸೋಲಾ. ಮುದುಕ, ಕೆಲಸ ಹೋಗಿದೆ, ಆಡ್ಕೊಳ್ಲಿ ಬಿಡು ಅಂತ. ಇಷ್ಟ್ ವರ್ಷ ನನ್ ಜೊತೆ ಜಗಳ ಆಡಿದೋಳು ಈಗ ಮಗೂನ ಸಮಾಧಾನ ಮಾಡೋ ಹಂಗೆ ಮಾತಾಡ್ತಾಳೆ. ಹೀಗೇ ಇದ್ರೆ ಆ ಯಂತ್ರ ಮಾರ್ಬಿಡ್ತೀನಿ. ಸುಮ್ನೆ ಮೋಕಾದಲ್ಲಿ ಕುಡ್ಕೊಂಡು, ಬಾಯಿ ಮುಚ್ಕೊಂಡು ಇದ್ಬಿಡ್ತೀವಿ, ಸಾಯೋ ತನಕ.”

ನನಗೆ ರಾಕೇಲೆಯ ಮೇಲೆ ಸಿಟ್ಟು ಬಂತು. ಮಾರನೇ ದಿನ ಪತ್ರ ಕೊಡುವ ನೆಪದಲ್ಲಿ ಮೇಲೆ ಹೋದೆ. ರಾಕೇಲೆ ಒಳಗಿನ ಕೋಣೆಯಲ್ಲಿ, ಆರಾಮ ಕುರ್ಚಿಯಲ್ಲಿ, ಕಾಲ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಪಕ್ಕದಲ್ಲಿ ಖಾಲಿ ಬಟ್ಟಲು.

“ದೊನ್ನಾ ರಾಕೇಲೆ, ನಿಮ್ ನಾಲಿಗೆಗೆ ಏನಾಯ್ತು?”

“ಏನೂ ಆಗಿಲ್ಲ.”

“ಉಪ್ಪು ಗೊತ್ತಾಗ್ಲಿಲ್ವಾ?”

ಅವರು ಮುಖ ತಿರುಗಿಸಿದರು. “ಗೊತ್ತಾಯ್ತು. ಹೊಟ್ಟೆ ತೊಳಸ್ತು. ಆದ್ರೆ ಹೇಳೋಕೆ ಬಾಯೇ ಬರ್ಲಿಲ್ಲ ಓರ್ಸೋಲಾ. ಯಾಕೆ ಅಂತ ನಂಗೂ ಗೊತ್ತಿಲ್ಲ. ಅವನು ಅದನ್ನ ತಗೊಂಡು ಬರ್ತಾನಲ್ಲ, ನೋಡಿದ ತಕ್ಷಣ ‘ಚೆನ್ನಾಗಿದೆ’ ಅನ್ನೋ ಮಾತು ತಾನೇ ಬಂದ್ಬಿಡುತ್ತೆ.”

ಗೊತ್ತಿಲ್ಲ ಎಂಬ ಉತ್ತರ ನನಗೆ ಎಂದೂ ಸಾಲುವುದಿಲ್ಲ. ಆ ವಾರವೆಲ್ಲ ಅದನ್ನೇ ಮೆಲುಕು ಹಾಕಿದೆ. ಕರುಣೆಯಲ್ಲ, ನಾಲಿಗೆ ಕೆಟ್ಟದ್ದಲ್ಲ, ಮತ್ತೇನು?

ಉತ್ತರ ಸಿಕ್ಕಿದ್ದು ಒಂದು ಸಾವಿನಲ್ಲಿ. ಮೊದಲ ಮಹಡಿಯ ಮುದುಕ ಅನಿಯೆಲ್ಲೊ ತೀರಿಕೊಂಡರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರೇ ಕಾಫಿ, ಸಕ್ಕರೆ, ಊಟ ಒಯ್ಯಬೇಕು. ಸೊಸ್ಸಿಯೋ ತಮ್ಮ ಮನೆಯಲ್ಲಿ ಕಾಫಿ ಇಳಿಸಿದರು. ಆರದಂತೆ ಬಟ್ಟಲಿನ ಮೇಲೆ ಪುಟ್ಟ ತಟ್ಟೆಗಳನ್ನು ಮುಚ್ಚಿ ಟ್ರೇಯಲ್ಲಿ ಜೋಡಿಸಿದರು. ನಾನು ಹೊತ್ತುಕೊಂಡು ಇಳಿದೆ. ಮೂರು ಮಹಡಿ ಇಳಿಯುವಷ್ಟರಲ್ಲಿ ಅದರ ಮೇಲಿನ ಕೆನೆ ಒಡೆದು, ಕಾಫಿ ಉಗುರು ಬೆಚ್ಚಗಾಗಿತ್ತು. ಅಂಗಡಿಯಲ್ಲಿ ಇಂಥದ್ದನ್ನು ಕೊಟ್ಟಿದ್ದರೆ ನಮ್ಮ ಜನ ಬಟ್ಟಲು ಎಸೆಯುತ್ತಿದ್ದರು. ಇಲ್ಲಿ ಅನಿಯೆಲ್ಲೊ ಮಗಳು ಮುಚ್ಚಿದ ತಟ್ಟೆ ತೆಗೆದು ಒಂದು ಗುಟುಕು ಕುಡಿದು, ಕಣ್ಣು ತಗ್ಗಿಸಿ, “ಚೆನ್ನಾಗಿದೆ” ಎಂದಳು. ಅವಳ ಅಣ್ಣನೂ ಚೆನ್ನಾಗಿದೆ ಎಂದ. ಅತ್ತಿಗೆಯೂ ಎಂದಳು. ಅದೇ ದನಿ, ಅದೇ ತಗ್ಗಿದ ಕಣ್ಣು.

ಖಾಲಿ ಟ್ರೇ ಹಿಡಿದು ನಾನು ಕಲ್ಲಿನ ಹಾಗೆ ನಿಂತುಬಿಟ್ಟೆ. ಸಾವಿನ ಮನೆಗೆ, ಹಾಸಿಗೆ ಹಿಡಿದವರಿಗೆ ಮುಚ್ಚಿ ತಂದ ಕಾಫಿಗೆ ನಮ್ಮಲ್ಲಿ ಯಾರೂ ಹೆಸರಿಡುವುದಿಲ್ಲ. ತಂದವರ ಪ್ರೀತಿಗೆ ಹೆಸರಿಟ್ಟ ಹಾಗೆ ಅದು. ಚಿಕ್ಕಂದಿನಿಂದ ನಾಲಿಗೆಗೆ ಹತ್ತಿದ ಮಾತು. ದೊನ್ ಸೊಸ್ಸಿಯೋ ಮೂರು ತಿಂಗಳಿಂದ ಹೆಂಡತಿಗೆ ಕಾಫಿ ಒಯ್ಯುತ್ತಿದ್ದದ್ದೂ ಹೀಗೆಯೇ. ಅಡುಗೆಮನೆಯಿಂದ ಕೋಣೆಗಳ ನಡುವಿನ ಉದ್ದನೆಯ ಓಣಿ ದಾಟಿ, ಒಳಕೋಣೆಗೆ, ಟ್ರೇಯಲ್ಲಿ, ಆರದಿರಲಿ ಎಂದು ಮೇಲೊಂದು ತಟ್ಟೆ ಮುಚ್ಚಿ!

ಟ್ರೇ ಹಿಡಿದೇ ಮೇಲಕ್ಕೆ ಓಡಿದೆ. ಸೊಸ್ಸಿಯೋ ಅಡುಗೆಮನೆಯಲ್ಲಿ ಪುಡಿ ತುಂಬುವ ಸೌಟು ತೊಳೆಯುತ್ತಿದ್ದರು.

“ದೊನ್ ಸೊಸ್ಸಿಯೋ, ನೀವು ಕಾಫಿ ಒಯ್ತಿರೋದು ಹೆಂಡ್ತಿಗಾ, ಹೆಣದ ಮನೆಗಾ?”

“ಏನ್ ಮಾತು ಅಂತ ಆಡ್ತೀರ!”

“ಈ ಟ್ರೇ, ಈ ಮುಚ್ಚಳ! ಇದನ್ನ ನೋಡ್ತಿದ್ದ ಹಾಗೇ ಅವರ ಬಾಯಿ ಕಟ್ಟೋಗತ್ತೆ. ನೀವು ಅವರನ್ನ ರೋಗಿ ಮಾಡಿ ಕೂರ್ಸಿದೀರ. ರೋಗಿ ಬೈತಾಳಾ?”

“ಅವಳಿಗೆ ಕಾಲು ನೋವು ಕಣ್ರೀ. ನಡ್ಸೋಕಾಗತ್ತಾ?”

“ಮೆಟ್ಲು ಇಳಿಯೋಕಾಗಲ್ಲ. ಓಣಿ ದಾಟೋಕೆ ಏನ್ ಧಾಡಿ? ಸ್ನಾನದ ಮನೆಗೆ ನೀವು ಹೊತ್ಕೊಂಡು ಹೋಗ್ತೀರಾ?”

ಅವರ ಮುಖ ಒಮ್ಮೆ ಕೆಂಪಾಯಿತು, ಒಮ್ಮೆ ಬಿಳಿಚಿತು. ಸೌಟು ಕೆಳಗಿಟ್ಟರು. ಯಂತ್ರದ ಮುಂದಿನ ಅಮೃತಶಿಲೆಯ ಕಟ್ಟೆಯ ಮೇಲಿದ್ದ ಬ್ರೆಡ್ಡು, ಟೊಮೆಟೊ, ಔಷಧಿ ಬಾಟಲಿ ಎಲ್ಲ ಎತ್ತಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಬಟ್ಟಲನ್ನು ಕುದಿಯುವ ನೀರಿನಿಂದ ತೆಗೆದರು. ಒಂದು ಲೋಟ ತಣ್ಣೀರು ಇಟ್ಟರು. ಆಮೇಲೆ ಅಂಗಡಿಯಲ್ಲಿ ಕೂಗುತ್ತಿದ್ದ ದನಿಯಲ್ಲಿ ಕೂಗಿದರು.

“ಕಾಫಿ ಬೇಕಾದೋರು ಕೌಂಟರಿಗೆ ಬರ್ಬೇಕೂ! ಇಲ್ಲಿ ಯಾರಿಗೂ ಮನೆಗೆ ತಂದ್ಕೊಡಲ್ಲ!”

ಒಳಕೋಣೆಯಲ್ಲಿ ಕುರ್ಚಿ ಕಿರುಗುಟ್ಟಿತು.

“ಏನೋ ಬಂತು ನಿಂಗೆ? ಕಾಲಿಲ್ಲದೋಳನ್ನ ಕರೀತೀಯಲ್ಲ, ನಾಚ್ಕೆ ಆಗಲ್ವಾ?”

“ಬರೋದಾದ್ರೆ ಬನ್ನಿ ಅಮ್ಮಾವ್ರೇ, ಆರೋಗತ್ತೆ!”

ರಾಕೇಲೆ ಗೋಡೆ ಹಿಡಿದು, ಒಂದೊಂದು ಹೆಜ್ಜೆಗೂ ಗಂಡನ ವಂಶವನ್ನೆಲ್ಲ ಬೈಯುತ್ತ ಬಂದರು. ಬಂದು ಕಟ್ಟೆಗೆ ಮೊಣಕೈ ಊರಿ ನಿಂತರು. ಸೊಸ್ಸಿಯೋ ಹಿಡಿಕೆ ಎಳೆದು ಬಿಟ್ಟರು. ಕಾಫಿ ಇಳಿಯಿತು. ಮುಚ್ಚಳವಿಲ್ಲದ ಬಟ್ಟಲನ್ನು ಸುಡುಸುಡುತ್ತಲೇ ಹೆಂಡತಿಯ ಮುಂದೆ ನೂಕಿದರು. ನಾನು ಬಾಗಿಲ ಹತ್ತಿರ ಉಸಿರು ಹಿಡಿದು ನಿಂತಿದ್ದೆ. ಈಗಲೂ ‘ಚೆನ್ನಾಗಿದೆ’ ಎಂದರೆ ಮುಗಿಯಿತು, ಯಂತ್ರ ನಾಳೆಯೇ ಮಾರಾಟ.

ರಾಕೇಲೆ ನೀರು ಕುಡಿದರು. ಕಾಫಿಯನ್ನು ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡರು. ಹುಬ್ಬು ಗಂಟಾಯಿತು. ಬಟ್ಟಲನ್ನು ಟಪ್ಪೆಂದು ಕುಕ್ಕಿದರು.

“ಇದೇನು ಕರ್ಮ! ಸುಟ್ಟ ಬೂಟಿನ ಹಾಗಿದೆ. ಇಷ್ಟು ನುಣ್ಣಗೆ ಯಾಕೆ ಬೀಸಿದೀಯ? ಮುಖಕ್ಕೆ ಬಳ್ಕೊಳ್ಳೋ ಪೌಡರಾ ಇದು? ಮೂರು ತಿಂಗಳಿಂದ ಹಿಂಗೇ ಕುಡಿಸ್ತಾ ಇದೀಯಲ್ಲ!”

“ಮೂರು ತಿಂಗಳು ಯಾಕೆ ಹೇಳ್ಲಿಲ್ಲ?”

“ಕೇಳೋ ಹಂಗೆ ಕೇಳಿದ್ಯಾ ನೀನು?”

“ಗ್ರೈಂಡರ್ ಹೊಸ್ದು, ಇನ್ನೂ ಹದಕ್ಕೆ ಬಂದಿಲ್ಲ—”

“ಗ್ರೈಂಡರ್ ಹೊಸ್ದು, ಕೈ ಹಳೇದು! ಅಷ್ಟ್ ಜೋರಾಗಿ ಒತ್ತಿದ್ರೆ ನೀರು ಎಲ್ಲಿಂದ ಇಳೀಬೇಕು? ಸರಿ ಆಚೆ, ನಾನೇ ಮಾಡ್ತೀನಿ.”

“ನೀನಾ? ಜನ್ಮದಲ್ಲಿ ಈ ಕಡೆ ಬಂದಿದೀಯಾ?”

“ಬಾಳೆಲ್ಲ ಆ ಕಡೆಯಿಂದ ನೋಡಿದೀನಿ. ಆಚೆ ಸರಿ ಅಂದೆ!”

ಅವರು ಸರಿದರು. ರಾಕೇಲೆ ಕಟ್ಟೆಯ ಒಳಬದಿಗೆ ಹೋದರು, ಸೊಸ್ಸಿಯೋ ಹೊರಬದಿಗೆ ಬಂದು ನಿಂತರು. ಗಿರಾಕಿಯ ಜಾಗದಲ್ಲಿ ಕೈಯನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಜೇಬಿಗೆ ಹಾಕಿ, ತೆಗೆದು, ಮತ್ತೆ ಹಾಕಿದರು. ರಾಕೇಲೆ ಗ್ರೈಂಡರಿನ ಚಕ್ರವನ್ನು ರಪ್ಪನೆ ತಿರುಗಿಸಿ ಬೀಸಿದರು. ಸೌಟಿನ ತುಂಬ ರಾಶಿ ಹಾಕಿದರು, ಅರ್ಧ ಕಟ್ಟೆಯ ಮೇಲೆ ಚೆಲ್ಲಿತು. ಕೈಗವಸಿನ ಹೊಲಿಗೆ ತೀಡುವ ಹಾಗೆ ಹೆಬ್ಬೆರಳಿನಲ್ಲಿ ಮೆಲ್ಲಗೆ ತೀಡಿದರು. ಎರಡೂ ಕೈಯಲ್ಲಿ ಹಿಡಿಕೆಗೆ ಜೋತುಬಿದ್ದು ಎಳೆದರು. ಕಾಫಿ ಒಣಹುಲ್ಲಿನ ಬಣ್ಣದಲ್ಲಿ ದಬದಬನೆ ಸುರಿದು ಬಟ್ಟಲು ತುಂಬಿ ತಟ್ಟೆಗೂ ಬಿತ್ತು.

“ತಗೋ. ಕುಡಿ.”

ಸೊಸ್ಸಿಯೋ ಬಟ್ಟಲೆತ್ತಿದರು. ಒಂದು ಗುಟುಕು ನುಂಗಿದರು. ಹೆಂಡತಿಯ ಮುಖ ನೋಡಿದರು. ಹಣೆಯ ಮೇಲೆ ಬೆವರು, ಕೆನ್ನೆಗೆ ಮೆತ್ತಿದ ಪುಡಿ, ಪರೀಕ್ಷೆ ಬರೆದು ಬಂದ ಹುಡುಗಿಯ ಹಾಗೆ ಕಾಯುತ್ತಿದ್ದ ಕಣ್ಣು. ಆ ಮೊಣಕಾಲು ನಡುಗುತ್ತಿದ್ದುದು ಅವರಿಗೂ ಕಂಡಿತು.

“ಚೆನ್ನಾಗಿದೆ, ರಾಕೆ,” ಎಂದರು.

ಎಂದ ಮೇಲೆ ತಾವೇ ಬೆಚ್ಚಿದರು. ರಾಕೇಲೆ ಕೈಯ ಪುಡಿ ಒರೆಸಿಕೊಂಡು ಗಂಡನ ಕಡೆ ತಿರುಗಿದರು.

“ನಾನು ನಿಂಗೆ ಹೇಳ್ತಿದ್ದದ್ದು ಇದನ್ನೇ?”

“ಇದನ್ನೇ.”

“ದಿನಾ?”

“ದಿನಾ.”

“ಅಯ್ಯೋ ದೇವ್ರೇ,” ಎಂದರು ರಾಕೇಲೆ, “ಕೇಳ್ಸ್ಕೊಳ್ಳೋಕೆ ಇಷ್ಟು ಒಂಟಿ ಅನ್ಸತ್ತಾ?”

ಸೊಸ್ಸಿಯೋ ಬಟ್ಟಲನ್ನು ದೂರ ಸರಿಸಿ, ಹೌದೆಂದು ತಲೆಯಾಡಿಸಿದರು. ನನ್ನ ಕಣ್ಣು ಒದ್ದೆಯಾಗಿತ್ತು, ಮುಚ್ಚಿಟ್ಟುಕೊಳ್ಳುವುದೇನು? ಇನ್ನೂ ನಿಂತಿರುತ್ತಿದ್ದೆ, ಆದರೆ ರಾಕೇಲೆ ನನ್ನ ಕಡೆ ತಿರುಗಿದರು.

“ಓರ್ಸೋಲಾ, ಸತ್ತ ಮನೆಯವರು ಕಾಯ್ತಿಲ್ವಾ ಕೆಳಗೆ? ಹೋಗಮ್ಮ. ಬಾಗ್ಲು ಎಳ್ಕೊಂಡು ಹೋಗು.”

ಬಾಗಿಲು ಎಳೆದುಕೊಂಡೆ. ಮೆಟ್ಟಿಲಿಳಿಯಲಿಲ್ಲ, ಅಷ್ಟು ಒಳ್ಳೆಯವಳು ನಾನಲ್ಲ. ಒಳಗೆ ರಾಕೇಲೆ ಕಟ್ಟೆಯ ಮೇಲಿನ ಪುಡಿ ಗುಡಿಸುವ ಸದ್ದು ಕೇಳಿಸಿತು.

“ಬಾ ಈ ಕಡೆ. ಎಷ್ಟು ಒತ್ಬೇಕು ತೋರ್ಸು. ತೋರಿಸ್ತಾ ಮಾತಾಡು.”

“ಏನ್ ಮಾತಾಡ್ಲಿ?”

“ಏನಾದ್ರೂ ಮಾತಾಡೋ. ನೀನು ಮನೇಲಿದೀಯ ಅಂತ ನಂಗೆ ಗೊತ್ತಾಗ್ಲಿ.”